ಬೇಲಿಯಾಚೆಯ ಐಲ್ಸಾ

"ಸಡಿಲ ಬಿಡೋ ಕ್ಲೈವ್, ಸಡಿಲ ಬಿಡು! ತಲೆ ಕಡೆ ಮೊದಲು ಇಳೀತಾ ಇದೆ!" ಎಂದು ಆಚೆ ಬದಿಯ ಪಟ್ಟಿ ಹಿಡಿದವನು ಕೂಗಿದ.

"ಇವಳಿಗೆ ಯಾವತ್ತು ತಾನೇ ತಾಳ್ಮೆ ಇತ್ತು?" ಎಂದ ಮುದುಕ ಕ್ಲೈವ್, ಪಟ್ಟಿಯನ್ನು ಅಂಗೈಗೆ ಇನ್ನೊಂದು ಸುತ್ತು ಬಿಗಿಯುತ್ತ. ಮೆರಿನ್‌ಗೆ ನಗು ಬಂತು, ಬೆನ್ನಿಗೇ ಅಳು. ಶವಪೆಟ್ಟಿಗೆ ಕಿರುಗುಟ್ಟುತ್ತ ಗುಂಡಿಯ ತಳ ಮುಟ್ಟಿತು. ಎರಡು ಚಳಿಗಾಲ ಕೂತು ಐಲ್ಸಾ ತನಗೆ ತಾನೇ ಕಡ್ಡಿಗಳಿಂದ ಹೆಣೆದುಕೊಂಡಿದ್ದ ಪೆಟ್ಟಿಗೆ ಅದು.

"ನನ್ನನ್ನ ಗೊಬ್ಬರದ ರಾಶಿಗೇ ಹಾಕ್ರೋ, ಹದಿನೆಂಟು ದಿನಕ್ಕೆ ಕರಗಿ ಹೋಗ್ತೀನಿ ಅಂತಿದ್ಲು," ಎಂದ ಕ್ಲೈವ್ ಬೆವರೊರೆಸಿಕೊಂಡು. "ಕೌನ್ಸಿಲ್‌ನವರು ಒಪ್ಪಬೇಕಲ್ಲ!"

ಜನ ಮೆಲ್ಲಗೆ ನಕ್ಕರು. ಟಾಸ್ಮೇನಿಯಾದ ಆ ಇಳಿಜಾರಿನ ಸೇಬು, ವಾಲ್‌ನಟ್ ಮರಗಳನ್ನೆಲ್ಲ ನೆಟ್ಟವಳು ಐಲ್ಸಾ. ನೀರು ಓಡಿ ಹೋಗದಂತೆ ಅಡ್ಡ ಬದು ಹಾಕಿದವಳೂ ಅವಳೇ. ತೋಟದ ಬೇಲಿಯಾಚೆ ಕಾಡು. ಅಲ್ಲಿ ವಾರಕ್ಕೆ ಮೂರು ದಿನ ಮಕ್ಕಳಿಗೆ ಪಾಠ, ಕಲಿಸುವವಳು ಮೆರಿನ್.

ಕಾಡುಶಾಲೆಯ ಪುಟ್ಟ ಹುಡುಗಿಯೊಬ್ಬಳು ಮೆರಿನ್‌ಳ ತೋಳು ಜಗ್ಗಿದಳು. "ಗೊಬ್ಬರದಜ್ಜಿ ಯಾಕೆ ಒಂದಿನಾನೂ ಬೇಲಿ ದಾಟಿ ನಮ್ಮ ಹತ್ರ ಬರ್ಲಿಲ್ಲ?"

"ಅವಳಿಗೆ ಕೆಲಸ ಇರ್ತಿತ್ತು ಪುಟ್ಟಿ," ಎಂದಳು ಮೆರಿನ್. ಹತ್ತೊಂಬತ್ತು ವರ್ಷಗಳಿಂದ ಪ್ರತಿ ಮಗುವಿಗೂ ಅವಳು ಹೇಳುತ್ತ ಬಂದ ಸುಳ್ಳು ಇದೇ.

ಅಷ್ಟರಲ್ಲಿ ಜನ ಹಿಂದಕ್ಕೆ ತಿರುಗಿ ನೋಡಿದರು. ಸೇಬಿನ ಸಾಲಿನ ನಡುವೆ ಬೂದು ಕೋಟಿನ ಹೆಂಗಸೊಬ್ಬಳು ಬರುತ್ತಿದ್ದಳು.

"ಅಯ್ಯೋ ದೇವರೇ," ಎಂದ ಕ್ಲೈವ್. "ಟಿಲ್ಲಿಯ ತಾಯಿ. ಗ್ಲೆನಿಸ್."

ಮೆರಿನ್ ಪುಟ್ಟ ಹುಡುಗಿಯ ಕೈಯನ್ನು ತನ್ನ ತೋಳಿನಿಂದ ಬಿಡಿಸಿಕೊಂಡಳು.

*

ಆಗ ಮೆರಿನ್‌ಗೆ ಇಪ್ಪತ್ತಮೂರು. ಕಾಡಿಗೆ ಮಕ್ಕಳನ್ನು ಕರೆದೊಯ್ಯುತ್ತಿದ್ದವಳು ಐಲ್ಸಾ, ಮೆರಿನ್ ಸಹಾಯಕ್ಕೆ. ಕಾಡಿನಿಂದ ವಾಪಸು ಹೊರಡುವ ಮುಂಚೆ ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಬೇಕು, ಕಣ್ಣಿನಲ್ಲಿ ಎಣಿಸಕೂಡದು. ಐಲ್ಸಾ ಹಾಕಿದ ಕಟ್ಟುನಿಟ್ಟಿನ ನಿಯಮ ಅದು.

ಆ ದಿನ ಬಂದಿದ್ದ ಹನ್ನೆರಡು ಮಕ್ಕಳು ಮೆರಿನ್‌ಳನ್ನೂ ಕಣ್ಣಾಮುಚ್ಚಾಲೆಗೆ ಸೇರಿಸಿಕೊಂಡಿದ್ದರು. ಆಟದ ಗುಂಗಿನಲ್ಲೇ ಅವಳು ಮೊದಲು ತನ್ನ ತಲೆ ಮುಟ್ಟಿಕೊಂಡು "ಒಂದು" ಎಂದಳು. ಮಕ್ಕಳು ಕಿಲಕಿಲ ನಕ್ಕರು. ಕೊನೆಯ ತಲೆ ಮುಟ್ಟಿದಾಗ ಲೆಕ್ಕ ಹನ್ನೆರಡಕ್ಕೆ ನಿಂತಿತು.

"ಎಷ್ಟೇ?" ಎಂದು ಗೇಟಿನ ಬಳಿಯಿಂದ ಐಲ್ಸಾ ಕೂಗಿದಳು.

"ಹನ್ನೆರಡು!"

ಐಲ್ಸಾ ಗೇಟು ಹಾಕಿದಳು. ಹನ್ನೆರಡನೆಯ ಮಗು ಟಿಲ್ಲಿ ಇನ್ನೂ ಕಾಡಿನಲ್ಲಿ ಅಡಗಿ ಕೂತಿದ್ದಳು, ತನ್ನನ್ನು ಹುಡುಕಿಕೊಂಡು ಬರುತ್ತಾರೆಂದು. ಸಂಜೆ ಐದಕ್ಕೆ ಅವಳು ಕಾಡಿನೊಳಗಿನ ಕಟ್ಟೆಯ ನೀರಿನಲ್ಲಿ ಸಿಕ್ಕಳು, ಉಸಿರಿರಲಿಲ್ಲ.

ಪೊಲೀಸರು ದಾರಿ ಹತ್ತಿ ಬರುತ್ತಿದ್ದಾಗ ಐಲ್ಸಾ ಮೆರಿನ್‌ಳ ಮಣಿಕಟ್ಟು ಹಿಡಿದಳು. "ಎಣಿಸಿದ್ದು ನಾನು. ನೀನು ಬಾಯಿ ಬಿಡಕೂಡದು."

"ಆದ್ರೆ ಐಲ್ಸಾ..."

"ನಿನಗೆ ಎಣಿಸು ಅಂದೋಳು ನಾನು ತಾನೆ? ಈ ಕಾಡಿಗೆ ಮಕ್ಕಳು ಮತ್ತೆ ಬರಬೇಕು ಕಣೇ. ಕರ್ಕೊಂಡು ಹೋಗೋಕೆ ಒಬ್ಬಳಾದ್ರೂ ಉಳಿಬೇಕು."

ಇನ್ನು ಮಕ್ಕಳ ಹತ್ತಿರ ಸುಳಿಯಕೂಡದೆಂದು ಐಲ್ಸಾಗೆ ಆದೇಶವಾಯಿತು. ಸುಳಿಯಲಿಲ್ಲ. ಮಕ್ಕಳು ಬರುವ ಹೊತ್ತಿಗೆ ಗೊಬ್ಬರದ ರಾಶಿಯ ಹಿಂದೆ ಹೋಗಿ, ಅವರ ಗಲಾಟೆ ಕೇಳುತ್ತ ಹುಲ್ಲು ಹೊರಳಿಸುತ್ತಿದ್ದಳು. ಮೆರಿನ್ ಮಾತ್ರ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ನಲವತ್ತು ದಾಟಿದಳು. ಇವತ್ತಿಗೂ ಮಕ್ಕಳನ್ನು ಎಣಿಸಿ ಮುಗಿಸಿದ ಮೇಲೆ ಅವಳ ಅಂಗೈಗೆ ಇನ್ನೊಂದು ತಲೆ ತಗುಲುತ್ತದೆ. ಉಣ್ಣೆಯ ಟೊಪ್ಪಿಗೆ, ನೆನೆದು ತೊಪ್ಪೆಯಾದದ್ದು. ಅವಳು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಗೇಟು ಹಾಕುತ್ತಾಳೆ.

*

ಸಲಿಕೆ ಕೈಯಿಂದ ಕೈಗೆ ಸಾಗಿತು. ಮಣ್ಣು ಹಾಕುವವರು ಸತ್ತವಳಿಗೆ ಒಂದು ಮಾತು ಹೇಳಿ ಹಾಕಬೇಕು.

"ನನ್ನ ಕೈತೋಟದ ಗರಗಸ ನಿನ್ನ ಹತ್ರಾನೇ ಉಳೀತಲ್ಲೇ, ಕಳ್ಳಿ," ಎಂದು ಕ್ಲೈವ್ ಗೊಳೋ ಎಂದು ಅತ್ತುಬಿಟ್ಟ.

"ಇಲ್ಲಿ ಕೊಡಿ. ನಾನೂ ಹಾಕ್ತೀನಿ," ಎಂದಳು ಗ್ಲೆನಿಸ್.

ಯಾರೂ ತಡೆಯಲಿಲ್ಲ. ಅವಳು ಸಲಿಕೆ ತುಂಬ ಮಣ್ಣೆತ್ತಿ ಗುಂಡಿಯೊಳಗೆ ಬಗ್ಗಿ ನೋಡಿದಳು. "ಈಗಲಾದ್ರೂ ಲೆಕ್ಕ ಸರಿಯಾಯ್ತೇನೇ ಐಲ್ಸಾ?"

ಈಗ ಸುಮ್ಮನಿದ್ದರೆ ಸಾಯುವವರೆಗೂ ಸುಮ್ಮನಿರಬಹುದು ಎಂದು ಮೆರಿನ್‌ಗೆ ಗೊತ್ತಿತ್ತು. ಮಕ್ಕಳು ನೋಡುತ್ತಿದ್ದರು. ಅವರ ಅಪ್ಪ ಅಮ್ಮಂದಿರೂ ನೋಡುತ್ತಿದ್ದರು.

"ಅದನ್ನ ಅವಳ ಮೇಲೆ ಹಾಕಬೇಡಿ ಗ್ಲೆನಿಸ್," ಎಂದಳು. ದನಿ ಎಲ್ಲಿಂದ ಬಂತೋ. "ಅವತ್ತು ಎಣಿಸಿದ್ದು ನಾನು. ನನ್ನನ್ನೂ ಸೇರಿಸಿ ಎಣಿಸಿಬಿಟ್ಟೆ. ಅವಳು ನನಗೋಸ್ಕರ ಸುಳ್ಳು ಹೇಳಿದ್ಲು."

ಒಬ್ಬ ತಾಯಿ ತನ್ನ ಮಗಳನ್ನು ಮೆರಿನ್‌ಳ ಪಕ್ಕದಿಂದ ಸರಕ್ಕನೆ ಎಳೆದುಕೊಂಡಳು. ಗ್ಲೆನಿಸ್‌ಳ ಸಲಿಕೆ ವಾಲಿ, ಮಣ್ಣು ಅವಳ ಬೂಟುಗಳ ಮೇಲೆಯೇ ಸುರಿಯಿತು.

"ಪ್ರತಿ ಏಪ್ರಿಲ್‌ಗೂ, ಟಿಲ್ಲಿ ಹೋದ ದಿನ, ನಮ್ಮನೆ ಬಾಗಿಲಿಗೆ ಬರ್ತಿದ್ಲು," ಎಂದಳು ಗ್ಲೆನಿಸ್. "ಬಾಯಿಗೆ ಬಂದ ಹಾಗೆ ಬೈತಿದ್ದೆ. ಒಂದ್ಸಲ ಉಗಿದೂ ಬಿಟ್ಟೆ. ನಾನಲ್ಲ ಅಂತ ಒಂದು ಮಾತು ಅನ್ನಲಿಲ್ಲವಲ್ಲೇ!"

"ಬೈಯೋಕೆ ನಿಮಗೆ ಒಬ್ಬರು ಬೇಕು ಅಂತಿದ್ಲು," ಎಂದಳು ಮೆರಿನ್.

ಗ್ಲೆನಿಸ್ ಅವಳತ್ತ ತಿರುಗಲಿಲ್ಲ. ಗುಂಡಿಯ ಅಂಚಿನಲ್ಲಿ ಕುಳಿತು, ಕಾಲುಗಳನ್ನು ಒಳಗೆ ಇಳಿಬಿಟ್ಟಳು. ಆಮೇಲೆ ಪೆಟ್ಟಿಗೆಯ ಕಡೆ ಬಗ್ಗಿ ಏನೇನೋ ಹೇಳತೊಡಗಿದಳು. ಮೆರಿನ್ ಕಿವಿಗೊಟ್ಟಳು, ಒಂದು ಮಾತೂ ಕೇಳಿಸಲಿಲ್ಲ.

ಕ್ಲೈವ್ ಕೆಮ್ಮಿದ. "ಗ್ಲೆನಿಸ್, ಮಳೆ ಬರೋ ಹಾಗಿದೆ. ಮುಚ್ಚಿಬಿಡೋಣ್ವಾ?"

"ಸುಮ್ನಿರಿ ಸ್ವಲ್ಪ. ನಾವಿನ್ನೂ ಮಾತಾಡ್ತಾ ಇದ್ದೀವಿ."

ಹನಿ ಶುರುವಾಯಿತು. ಜನ ಒಬ್ಬೊಬ್ಬರಾಗಿ ಮಕ್ಕಳನ್ನು ಕರೆದುಕೊಂಡು ಮರಗಳ ಕೆಳಗೆ ಸರಿದರು. ಮೆರಿನ್ ಮಾತ್ರ ಇದ್ದಲ್ಲೇ ನೆನೆಯುತ್ತ ನಿಂತಳು. ಗ್ಲೆನಿಸ್ ತನ್ನ ಬೂದು ಕೋಟು ಬಿಚ್ಚಿ, ಹೊಟ್ಟೆಯ ಮೇಲೆ ಮಲಗಿ, ಎರಡೂ ಕೈ ಕೆಳಗೆ ಚಾಚಿ ಅದನ್ನು ಪೆಟ್ಟಿಗೆಯ ಮೇಲೆ ಹೊದಿಸುತ್ತಿದ್ದಳು.