ಕೇಳಿಸ್ತು

ಹೆಣದ ಪೆಟ್ಟಿಗೆಯನ್ನು ನಾಲ್ಕು ಜನ ಎತ್ತಿ ಬಾಗಿಲು ದಾಟಿಸುವಷ್ಟರಲ್ಲಿ ಚಿತ್ರಮಂದಿರದ ಮ್ಯಾನೇಜರನ ಕೋಟು ಕಂಕುಳಲ್ಲಿ ಪರ್ರನೆ ಹರಿಯಿತು. ಪೆಟ್ಟಿಗೆ ಮತ್ತೆ ಬೆಂಚಿನ ಮೇಲೆ ಕೂತಿತು.

"ಬಿಚ್ಚಿ ಕೊಡಿ," ಎಂದ ದರ್ಜಿ.

"ಬೇಡ ಭಾವ, ಹಾಗೇ ಬರ್ತೀನಿ. ಇವತ್ತು ನನ್ನ ಕಂಕುಳು ಯಾರು ನೋಡ್ತಾರೆ."

"ಎಲ್ಲರೂ ನೋಡ್ತಾರೆ. ಬಿಚ್ಚಿ."

ಪೆಟ್ಟಿಗೆಯಲ್ಲಿ ಮಲಗಿದ್ದವಳು ದರ್ಜಿಯ ಹೆಂಡತಿ. ಮ್ಯಾನೇಜರನಿಗೆ ಅವಳು ಅಕ್ಕ, ಆ ಲೆಕ್ಕದಲ್ಲಿ ಇವನು ಭಾವ. ಅದು ಬಿಟ್ಟರೆ ಇಬ್ಬರಿಗೂ ಹೇಳಿಕೊಳ್ಳುವಂಥ ಬಳಕೆ ಇರಲಿಲ್ಲ. ಕೋಟು ಮ್ಯಾನೇಜರನಿಗೆ ಹೊಟ್ಟೆ ಬರುವುದಕ್ಕೆ ಮುಂಚಿನ ಕಾಲದ್ದು. ದರ್ಜಿ ಅದನ್ನು ತಿರುವಿ ಹಾಕಿ, ಒಳಗೆ ಎಷ್ಟು ಬಟ್ಟೆ ಉಳಿದಿದೆ ಎಂದು ನೋಡಿ, ಹೊಲಿಗೆ ಯಂತ್ರದ ಮುಂದೆ ಕೂತ. ಪೆಡಲಿನ ಮೇಲೆ ಕಾಲಿಟ್ಟು ಒಂದು ಗೇಣು ಹೊಲಿದ. ಯಂತ್ರದ ಸದ್ದು ಕೋಣೆ ತುಂಬಿತು. ತಟ್ಟನೆ ಕಾಲು ತೆಗೆದ. ಉಳಿದದ್ದನ್ನು ಸೂಜಿ ಹಿಡಿದು ಕೈಯಲ್ಲೇ ಹಾಕಿದ.

"ಅಪ್ಪ, ಗಾಡಿ ಕಾಯ್ತಿದೆ," ಎಂದಳು ಮಗಳು.

"ಕಾಯಲಿ. ಇನ್ನು ಅವಳಿಗೇನು ಅವಸರ."

ಬಾಗಿಲ ಹತ್ತಿರ ನಿಂತಿದ್ದವರು ಮುಖ ಮುಖ ನೋಡಿಕೊಂಡರು. "ಪಾಪ, ಕಲ್ಲಾಗಿಬಿಟ್ಟಿದಾನೆ," ಎಂದು ಯಾರೋ ಪಿಸುಗುಟ್ಟಿದರು. ಅವನು ಕಲ್ಲಾಗಿರಲಿಲ್ಲ. ತಲೆಯಲ್ಲಿ ಒಂದು ಪ್ರಶ್ನೆ ಚಕ್ಕಂಬಕ್ಕಲ ಹಾಕಿ ಕೂತಿತ್ತು, ಅಳುವುದಕ್ಕೆ ಜಾಗ ಬಿಟ್ಟಿರಲಿಲ್ಲ.

ಮಗಳು ಅಡುಗೆಮನೆಗೆ ಹೋಗಿ ಒಂದು ಕಟ್ಟು ಹಾಳೆ ತಂದು ಮ್ಯಾನೇಜರನ ಕೈಗೆ ಕೊಟ್ಟಳು. "ಮಾಮ, ಇದು ನಿಮ್ದು. ಒಲೆ ಪಕ್ಕ ಇತ್ತು."

ಮ್ಯಾನೇಜರ್ ಹಾಳೆಗಳನ್ನು ತಿರುವಿ ನೋಡಿದ. "ಭಾವ, ಇವತ್ತು ಸಂಜೆ ಹೊಸ ಚಿತ್ರ ಇತ್ತು. ಅಕ್ಕನೇ ಓದಬೇಕಿತ್ತು. ನಿಲ್ಲಿಸಿಬಿಡ್ತೀನಿ. ಬೋರ್ಡಿಗೆ ಒಂದು ಚೀಟಿ ಅಂಟಿಸಿದ್ರಾಯ್ತು."

"ನಿಲ್ಲಿಸಬೇಡಿ."

"ಅಲ್ಲ ಭಾವ..."

"ನಿಲ್ಲಿಸಬೇಡಿ ಅಂದೆ," ಎಂದು ದರ್ಜಿ ದಾರವನ್ನು ಹಲ್ಲಲ್ಲಿ ಕಚ್ಚಿ ಹರಿದ. "ನಾನೂ ಬರ್ತೀನಿ. ತೊಗೊಳ್ಳಿ, ಹಾಕ್ಕೊಳ್ಳಿ. ಕೈ ಜಾಸ್ತಿ ಎತ್ತಬೇಡಿ."

*

ಆ ಊರಿನಲ್ಲಿ ದೊಡ್ಡ ಚಿತ್ರಮಂದಿರಗಳು ಬೇರೆ ಇದ್ದವು. ಇದು ಬ್ಯಾಂಕಿನ ಹಿಂದಿನ ಗಲ್ಲಿಯಲ್ಲಿದ್ದ ಸಣ್ಣ ಹಾಲ್. ಸಾಹುಕಾರರು ಯಾರೂ ದುಡ್ಡು ಹಾಕದ, ಹಾಡೂ ಇಲ್ಲದ ಹೊಡೆದಾಟವೂ ಇಲ್ಲದ, ದೂರ ದೂರದ ದೇಶಗಳ ಚಿತ್ರಗಳು ಅಲ್ಲಿಗೆ ಬರುತ್ತಿದ್ದವು. ಬಾಗಿಲ ಬಳಿಯ ಬೋರ್ಡಿನಲ್ಲಿ 'ಮುಂದೆ ಬರಲಿರುವ ಚಿತ್ರಗಳು' ಎಂದು ಬರೆದ ಕೆಳಗೆ ಇರುತ್ತಿದ್ದ ಹೆಸರುಗಳನ್ನು ಓದುವುದಕ್ಕೆ ಬಾಯಿ ತಿರುಗುತ್ತಿರಲಿಲ್ಲ. ಪಾತ್ರಗಳ ಮಾತು ಒಂದು ಪರಭಾಷೆ, ತೆರೆಯ ಕೆಳಗೆ ಮೂಡುವ ಸಾಲು ಇನ್ನೊಂದು ಪರಭಾಷೆ. ಹಾಗಾಗಿ ಕಾಲೇಜಿನ ಮೇಷ್ಟ್ರೊಬ್ಬರು ಮಾತುಗಳನ್ನೆಲ್ಲ ನಮ್ಮ ಭಾಷೆಗೆ, ಅದೂ ಆಡುಮಾತಿಗೆ, ಬರೆದುಕೊಡುತ್ತಿದ್ದರು. ಹಿಂದಿನ ಸಾಲಿನ ಆಚೆ ಗಾಜಿನ ಗೂಡಿನಲ್ಲಿ ದೀಪ ಹಾಕಿಕೊಂಡು ದರ್ಜಿಯ ಹೆಂಡತಿ ಅದನ್ನು ಮೈಕಿನಲ್ಲಿ ಓದುತ್ತಿದ್ದಳು. ಗಂಡಸು, ಹೆಂಗಸು, ಮಗು, ಪೊಲೀಸು, ಪಾದ್ರಿ, ಎಲ್ಲ ಇವಳೊಬ್ಬಳೇ.

ಮೊದಮೊದಲು ಅವಳು ಸ್ವಲ್ಪ ಭಾವ ತುಂಬಿ ಓದಿದ್ದಳಂತೆ. ಸಾವಿನ ದೃಶ್ಯದಲ್ಲಿ ದನಿ ನಡುಗಿಸಿದ್ದಕ್ಕೆ ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವತ್ತಿಗೆ ಮುಗಿಯಿತು. "ಅಳೋದು ತೆರೆ ಮೇಲಿರೋರ ಕೆಲಸ. ಏನಂದ್ರು ಅಂತ ತಿಳಿಸೋದು ನಂದು," ಎಂದವಳು ಮುಂದೆ ಯಾವತ್ತೂ ದನಿ ಏರಿಸಲಿಲ್ಲ, ಇಳಿಸಲಿಲ್ಲ. ಪ್ರೀತಿ, ಕೊಲೆ, ಬಾಡಿಗೆ ಜಗಳ ಎಲ್ಲವನ್ನೂ ಬಸ್ ನಿಲ್ದಾಣದಲ್ಲಿ ಊರಿನ ಹೆಸರು ಕೂಗುವಂತೆ ಓದಿದಳು. ಹತ್ತು ನಿಮಿಷ ಕಳೆಯುವುದರೊಳಗೆ ಜನ ಅವಳನ್ನು ಮರೆತು ತೆರೆಯ ಮೇಲಿನವರೇ ಮಾತಾಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು.

ಅಭ್ಯಾಸ ಮನೆಯಲ್ಲಿ. ಅವಳು ಅಡುಗೆಮನೆಯಲ್ಲಿ ಒಲೆಯ ಮುಂದೆ, ಇವನು ಮುಂದಿನ ಕೋಣೆಯಲ್ಲಿ ಯಂತ್ರದ ಮುಂದೆ. ಗೋಡೆ ದಾಟಿ, ಯಂತ್ರದ ಸದ್ದನ್ನೂ ದಾಟಿ ಮಾತು ಸ್ಪಷ್ಟವಾಗಿ ಬಂದರೆ ಹಾಲಿನಲ್ಲೂ ಬರುತ್ತದೆ ಎಂಬುದು ಅವಳ ಲೆಕ್ಕ. ಸಾಲು ತಿಳಿದರೆ ಇವನು "ಕೇಳಿಸ್ತು" ಅನ್ನಬೇಕು, ತಿಳಿಯದಿದ್ದರೆ "ಮತ್ತೆ" ಅನ್ನಬೇಕು. ಅಳತೆ ಕೊಡಲು ಬಂದವರು ಬೆಚ್ಚಿಬೀಳುತ್ತಿದ್ದರು.

"ನಿನ್ನನ್ನ ಮದುವೆ ಆಗಿದ್ದೇ ನಾನು ಮಾಡಿದ ದೊಡ್ಡ ತಪ್ಪು."

"ಕೇಳಿಸ್ತು."

"ವಿಷದ ಸೀಸೆ ಎಲ್ಲಿಟ್ಟಿದೀಯ?"

"ಮತ್ತೆ."

"ವಿಷದ ಸೀಸೆ ಎಲ್ಲಿಟ್ಟಿದೀಯ?"

"ಕೇಳಿಸ್ತು. ಸೊಂಟ ಸ್ವಲ್ಪ ಸಡಿಲ ಬಿಡ್ಲಾ ಸ್ವಾಮಿ?"

ಅವಳು ಕರೆದರೂ ಇವನು ಸಿನಿಮಾಕ್ಕೆ ಹೋದವನಲ್ಲ. ಊರಲ್ಲಿ ಅಂಥ ಚಿತ್ರಗಳನ್ನೆಲ್ಲ ನೋಡಿದೆ ಎಂದು ಬೀಗುವವರಿದ್ದರು. ಇವನು ಎಲ್ಲವನ್ನೂ ಕೇಳಿದ್ದ, ಒಂದನ್ನೂ ನೋಡಿರಲಿಲ್ಲ.

*

ಸ್ಮಶಾನದಲ್ಲಿ ಗುಂಡಿ ತೋಡುವವರು ಇನ್ನೂ ಮುಗಿಸಿರಲಿಲ್ಲ. ಬಂದವರು ಗೋಡೆಯ ನೆರಳಿಗೆ ಸರಿದು ನಿಂತರು. ನೆಂಟರು ಕಡಿಮೆ, ಹಾಲಿಗೆ ವಾರವಾರ ಬರುವವರು ಜಾಸ್ತಿ. ಅವರಲ್ಲಿ ಅನೇಕರು ಅವಳ ಮುಖವನ್ನು ಸರಿಯಾಗಿ ನೋಡಿದ್ದು ಅವತ್ತೇ.

"ನಾನು ಬೆಳ್ಳಗೆ, ಎತ್ತರವಾಗಿ ಇರ್ತಾರೆ ಅಂದ್ಕೊಂಡಿದ್ದೆ," ಎಂದಳು ಔಷಧಿ ಅಂಗಡಿಯ ಹೆಂಗಸು. "ಇಷ್ಟು ಪುಟ್ಟ ಜೀವ ಒಂದೇ ಸಂಜೆ ಆರು ಜನ ಪೊಲೀಸರಾಗ್ತಿತ್ತಲ್ಲ."

"ನನಗಂತೂ ಕನಸಲ್ಲಿ ಯಾರೇ ಮಾತಾಡಿದ್ರೂ ಅವರ ದನೀಲೇ ಮಾತಾಡ್ತಾರೆ," ಎಂದ ಇನ್ನೊಬ್ಬ.

ಮೇಷ್ಟ್ರು ಕನ್ನಡಕ ಒರೆಸಿ ಹಾಕಿಕೊಂಡು ದರ್ಜಿಯ ಪಕ್ಕ ಬಂದು ನಿಂತರು. ಅಷ್ಟು ವರ್ಷ ಅವಳಿಗೆ ಮಾತು ಬರೆದುಕೊಟ್ಟ ಕೈ ಈಗ ಸುಮ್ಮನೆ ಜೋತುಬಿದ್ದಿತ್ತು. "ಒಂದು ಮಾತು ಹೇಳ್ಬೇಕು ನಿಮಗೆ. ನಾನು ಬರೆದದ್ದರಲ್ಲಿ ಎಷ್ಟೋ ಸಲ ತಪ್ಪಿರ್ತಿತ್ತು. ಆದ್ರೂ ನಿಮ್ಮ ಮನೆಯವರು ಒಂದು ಮಾತು ಬಿಟ್ಟೋರಲ್ಲ, ಒಂದು ಮಾತು ತಮ್ಮದು ಅಂತ ಸೇರಿಸಿದೋರಲ್ಲ. ಬರೆದಿದ್ದು ಬರೆದ ಹಾಗೆ."

ದರ್ಜಿ ಅವರ ಮುಖ ನೋಡಿದ. ಬಾಯಿ ತೆರೆದ. ಸಂಜೆಯ ಚಿತ್ರದಲ್ಲಿ ಹೀಗೊಂದು ಮಾತಿದೆಯೇ ಮೇಷ್ಟ್ರೇ ಎಂದು ಕೇಳಿಬಿಟ್ಟರೆ ಅಲ್ಲಿಗೆ ತೀರುತ್ತಿತ್ತು. ಆದರೆ ಯಾಕೆ ಎಂದು ಅವರು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಬೇಕಾಗುತ್ತದೆ. ಬಾಯಿ ಮುಚ್ಚಿದ.

ಹಿಂದೆ ಔಷಧಿ ಅಂಗಡಿಯವಳು ಮ್ಯಾನೇಜರನನ್ನು ಮೆಲ್ಲಗೆ ವಿಚಾರಿಸುತ್ತಿದ್ದಳು. "ಇವತ್ತಿನ ಚಿತ್ರ ಯಾವ ಕಡೇದು?"

"ಮಂಜು ಬೀಳೋ ದೇಶದ್ದು. ಒಬ್ಬ ದೋಣಿ ರಿಪೇರಿ ಮಾಡೋನು, ಅವನ ಹೆಂಡತಿ, ಒಂದು ಮನೆ."

"ಕೊನೇಲಿ ಏನಾಗುತ್ತೆ?"

"ಏನೂ ಆಗಲ್ಲ. ನಮ್ಮ ಹಾಲಲ್ಲಿ ಕೊನೇಲಿ ಯಾವತ್ತಮ್ಮ ಏನಾದ್ರೂ ಆಗಿದೆ?"

ಅವಳಿಗೆ ನಗು ಬಂತು, ತಡೆದುಕೊಂಡಳು. ಗುಂಡಿ ಸಿದ್ಧವಾಯಿತೆಂದು ಕರೆದರು. ಪೆಟ್ಟಿಗೆ ಇಳಿಸುವಾಗ ಮ್ಯಾನೇಜರ್ ಕೈಯನ್ನು ಹೆಚ್ಚು ಎತ್ತಲಿಲ್ಲ. ದರ್ಜಿ ಒಂದು ಹಿಡಿ ಮಣ್ಣು ಹಾಕಿದ, ಕೈ ಕೊಡವಿಕೊಂಡ. ಮಗಳು ಅವನ ತೋಳು ಹಿಡಿದು ಬಿಕ್ಕಿದಳು. ಅವನು ಅವಳ ಬೆನ್ನು ತಟ್ಟಿದ. ಯಾರದೋ ಮಗಳ ಬೆನ್ನು ತಟ್ಟಿದಂತೆ ಇತ್ತು.

*

ಮೂರು ದಿನದ ಹಿಂದೆ, ಅವಳು ಹೋದ ದಿನ, ಮಧ್ಯಾಹ್ನವಷ್ಟೇ ಹೊಸ ಚಿತ್ರದ ಹಾಳೆಗಳು ಮನೆಗೆ ಬಂದಿದ್ದವು. ಇವನು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದ. ನೀಲಿ ಚಡ್ಡಿಗಳು, ಒಂದರ ಮೇಲೊಂದು. ಅಡುಗೆಮನೆಯಲ್ಲಿ ಅವಳು ಟೀಗೆ ನೀರಿಟ್ಟು ಓದಲು ಶುರು ಮಾಡಿದ್ದಳು. ಮರ ಒದ್ದೆಯಾಗಿದೆ ಅಂದಳು. ಕೇಳಿಸ್ತು ಅಂದ. ಈ ಸಲ ಚಳಿ ಬೇಗ ಬಂತು ಅಂದಳು. ಕೇಳಿಸ್ತು ಅಂದ.

ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಹಾಳೆ ತಿರುವುತ್ತಿರಬೇಕು ಎಂದುಕೊಂಡ.

"ನನಗೆ ಉಸಿರಾಡೋಕಾಗ್ತಿಲ್ಲ. ಸ್ವಲ್ಪ ಬನ್ನಿ."

ಅದೇ ದನಿ. ಏರಿಲ್ಲ, ಇಳಿದಿಲ್ಲ. ಒಂದೊಂದು ಮಾತೂ ಬಿಡಿಬಿಡಿಯಾಗಿ, ಅಚ್ಚುಕಟ್ಟಾಗಿ ಗೋಡೆ ದಾಟಿ ಬಂತು.

"ಕೇಳಿಸ್ತು," ಎಂದ ದರ್ಜಿ.

ಮತ್ತೆ ಅವಳು ಏನೂ ಹೇಳಲಿಲ್ಲ. ಇವನು ಒಂದು ಚಡ್ಡಿ ಮುಗಿಸಿದ, ಇನ್ನೊಂದನ್ನು ಹಿಡಿದ. ಪಾತ್ರೆ ಸೀದ ವಾಸನೆ ಬಂದಾಗ, ಓದಿನಲ್ಲಿ ಇವಳಿಗೆ ಮೈಮೇಲೆ ಎಚ್ಚರವಿಲ್ಲ ಎಂದು ಗೊಣಗಿಕೊಂಡು ಎದ್ದ.

ಹೃದಯ ನಿಂತದ್ದು ಒಂದೇ ಸಲಕ್ಕೆ, ಯಾರಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದರು ಡಾಕ್ಟರು. ಅವರು ಎಲ್ಲರಿಗೂ ಹಾಗೇ ಹೇಳುತ್ತಾರೆ ಎಂದು ಇವನಿಗೆ ಗೊತ್ತಿತ್ತು.

ಅವತ್ತಿನಿಂದ ಅವನು ಅಡುಗೆಮನೆಗೆ ಕಾಲಿಟ್ಟಿರಲಿಲ್ಲ. ಹಾಳೆಗಳು ಅಲ್ಲೇ ಇದ್ದವು. ಎದ್ದು ಹೋಗಿ ಓದಿದ್ದರೆ ತಿಳಿಯುತ್ತಿತ್ತು. ಆ ಮಾತು ಚಿತ್ರದ್ದಾಗಿದ್ದರೆ ಅವಳು ಓದುತ್ತ ಓದುತ್ತ ಹೋದಳು, ಇವನ ತಪ್ಪೇನೂ ಇಲ್ಲ. ಚಿತ್ರದ್ದಲ್ಲವಾದರೆ ಅವಳು ಕರೆದಳು, ಇವನು ಹೋಗಲಿಲ್ಲ. ಓದುವ ಧೈರ್ಯ ಬರಲಿಲ್ಲ. ಕತ್ತಲಲ್ಲಿ, ನಾಲ್ಕು ಜನರ ನಡುವೆ, ಬೇರೆ ಯಾರದೋ ಬಾಯಲ್ಲಿ ಅದು ಬಂದರೆ ತಡೆದುಕೊಳ್ಳಬಹುದು ಅನಿಸಿತ್ತು.

*

"ಅಮ್ಮನ್ನ ಮಣ್ಣು ಮಾಡಿದ ದಿನಾನೇ ಸಿನಿಮಾಕ್ಕೆ ಹೋಗ್ತೀಯಾ ಅಪ್ಪ?" ಮಗಳು ಬಾಗಿಲಿಗೆ ಅಡ್ಡ ನಿಂತಿದ್ದಳು. "ಅವಳು ಇದ್ದಾಗ ಎಷ್ಟು ಸಲ ಕರೆದ್ಲು. ಒಂದು ದಿನ ಹೋದೆಯಾ?"

"ಇಲ್ಲ."

"ಮತ್ತೆ ಈಗ ಯಾರನ್ನ ಮೆಚ್ಚಿಸೋಕೆ?"

"ಯಾರನ್ನೂ ಇಲ್ಲ ಪುಟ್ಟಿ. ದಾರಿ ಬಿಡು."

"ನೀನು ಒಂದು ಹನಿ ಕಣ್ಣೀರು ಹಾಕಿಲ್ಲ. ಜನ ಆಡ್ಕೊಳ್ತಿದಾರೆ."

"ಆಡ್ಕೊಳ್ಳಲಿ," ಎಂದು ಅವನು ಚಪ್ಪಲಿ ಮೆಟ್ಟಿದ. ಮಗಳು ಮುಖ ಒರೆಸಿಕೊಂಡು ತಾನೂ ಹೊರಟಳು.

ಹಾಲಿನಲ್ಲಿ ಬೆಳಿಗ್ಗೆ ಸ್ಮಶಾನಕ್ಕೆ ಬಂದವರೇ ಮುಕ್ಕಾಲು ಪಾಲು. ಅವರಿಗೂ ಬೇರೆಲ್ಲಿಗೆ ಹೋಗಬೇಕೆಂದು ತೋಚಿರಲಿಲ್ಲ. ಮ್ಯಾನೇಜರ್ ಇಬ್ಬರನ್ನೂ ಹಿಂದಿನ ಸಾಲಿನಲ್ಲಿ, ಗಾಜಿನ ಗೂಡಿನ ಮುಂದೆಯೇ ಕೂರಿಸಿದ. ಗೂಡಿನಲ್ಲಿ ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತಿದ್ದರು. ದೀಪ ಆರಿತು. ಗೂಡಿನಲ್ಲೇ ಇದ್ದ ಪ್ರೊಜೆಕ್ಟರಿನ ಬೆಳಕಿನ ಕೋಲು ದರ್ಜಿಯ ತಲೆಯ ಮೇಲಿನಿಂದಲೇ ಹಾದುಹೋಗಿ ತೆರೆಗೆ ಬಿತ್ತು.

ಮೇಷ್ಟ್ರಿಗೆ ಅವಳ ಹಾಗೆ ಓದಲು ಬರುತ್ತಿರಲಿಲ್ಲ. ತೆರೆಯ ಮೇಲಿನ ಗಂಡ ಮಾತಾಡಿ ಮುಗಿಸಿ ದೋಣಿಯ ಅಡಿಗೆ ತೂರಿಕೊಂಡ ಮೇಲೆ ಅವನ ಮಾತು ಬರುತ್ತಿತ್ತು. "ಮರ ಒದ್ದೆಯಾಗಿದೆ." ದರ್ಜಿ ಬಾಯೊಳಗೇ ಕೇಳಿಸ್ತು ಅಂದುಕೊಂಡ. "ಈ ಸಲ ಚಳಿ ಬೇಗ ಬಂತು." ಮಗಳು ಅವನ ಕಡೆ ತಿರುಗಿ ನೋಡಿದಳು. ಅವನ ಎರಡು ಕೈಗಳೂ ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದಿದ್ದವು.

ತೆರೆಯ ಮೇಲೆ ಒಂದು ಕೋಣೆ. ಮುಚ್ಚಿದ ಕಿಟಕಿಯ ಪಕ್ಕ ಹೆಂಡತಿ ನಿಂತಿದ್ದಳು, ಗಂಡ ಮೇಜಿನ ಹತ್ತಿರ ಕೂತು ಏನೋ ಕೆತ್ತುತ್ತಿದ್ದ. ಅವಳು ಅವನ ಕಡೆ ನೋಡದೆ ತುಟಿ ಅಲ್ಲಾಡಿಸಿದಳು. ಮೇಷ್ಟ್ರ ದನಿ ತಡವಾಗಿ, ನಡುಗುತ್ತ ಬಂತು.

"ನನಗೆ ಉಸಿರಾಡೋಕಾಗ್ತಿಲ್ಲ."

ಇತ್ತು. ಚಿತ್ರದಲ್ಲೇ ಇತ್ತು. ದರ್ಜಿಗೆ ಮೈಯೆಲ್ಲ ಸಡಿಲವಾಯಿತು, ಮೂರು ದಿನದಿಂದ ಹಿಡಿದಿಟ್ಟಿದ್ದ ಉಸಿರು ಒಮ್ಮೆಲೇ ಹೊರಗೆ ಬಂತು. ಅವಳು ಓದುತ್ತಿದ್ದಳು, ಅಷ್ಟೇ. ಉಳಿದ ಮಾತಿಗಾಗಿ ಅವನು ಕಾದ.

ಗಂಡ ಕೆತ್ತುತ್ತಲೇ ಇದ್ದ. ಹೊರಗೆ ಮಂಜು ಬೀಳುತ್ತಿತ್ತು. ಮೇಷ್ಟ್ರು ಸುಮ್ಮನಿದ್ದರು. ಅವರಿಗೆ ತಡವಾಗಿರಬೇಕು, ಸಾಲು ತಪ್ಪಿರಬೇಕು ಎಂದು ದರ್ಜಿ ಹಿಂದೆ ತಿರುಗಿದ. ಮೇಷ್ಟ್ರು ಹಾಳೆಯ ಮೇಲೆ ಬೆರಳಿಟ್ಟುಕೊಂಡು ತೆರೆಯನ್ನೇ ನೋಡುತ್ತಿದ್ದರು. ಇವನೂ ತೆರೆಯನ್ನು ನೋಡಿದ. ಆ ಹೆಂಗಸಿನ ತುಟಿ ಮುಚ್ಚಿತ್ತು. ಅವಳು ಹೇಳಬೇಕಾದ್ದನ್ನು ಹೇಳಿ ಮುಗಿಸಿದ್ದಳು. ಸ್ವಲ್ಪ ಬನ್ನಿ ಎಂದು ಅವಳು ಯಾರನ್ನೂ ಕರೆದಿರಲಿಲ್ಲ.

ದರ್ಜಿ ಎದ್ದು ನಿಂತ.

"ಅಪ್ಪ," ಎಂದಳು ಮಗಳು. "ಅಪ್ಪ, ಕೂತ್ಕೋ."

"ಬಂದೆ," ಎಂದ ಅವನು. ಮಗಳಿಗಲ್ಲ. ಗೂಡಿನಿಂದ ಬಂದ ಬೆಳಕೆಲ್ಲ ಅವನ ಬೆನ್ನಿಗೆ ಬಿತ್ತು. ತೆರೆಯ ಮೇಲೆ, ಕಿಟಕಿಯ ಪಕ್ಕ ಒಬ್ಬಳೇ ನಿಂತಿದ್ದ ಹೆಂಗಸಿನ ಹತ್ತಿರಕ್ಕೆ, ಒಬ್ಬ ಗಂಡಸಿನ ದೊಡ್ಡ ನೆರಳು ಬಂದು ನಿಂತಿತು.