ಯೋಧನ ಭಾವ

ಐದನೆಯ ಮುದ್ದೆ ಯಾರಿಗೆ?

ಅನಿಲ್‌ಕುಮಾರ್ ಕೈ ತೊಳೆಯುತ್ತ ಮತ್ತೊಮ್ಮೆ ಅಡುಗೆಮನೆಯತ್ತ ಕತ್ತು ಚಾಚಿದ. ಮನೆಯಲ್ಲಿರುವುದು ನಾಲ್ಕೇ ಜನ: ಅವನು, ಹೆಂಡತಿ ರಂಜಿತ, ಅಪ್ಪ ಕೋದಂಡರಾಮಪ್ಪ, ಅಮ್ಮ ಶ್ಯಾಮಲಮ್ಮ. ನಾಲ್ವರದೂ ಬೆಳಗಿನ ಊಟ ಮುಗಿದಿತ್ತು. ಆದರೂ ಒಲೆಯ ಪಕ್ಕದಲ್ಲಿ, ಮೇಲೊಂದು ತಟ್ಟೆ ಮುಚ್ಚಿಕೊಂಡು, ಇನ್ನೊಂದು ಮುದ್ದೆ ಕೂತಿತ್ತು. ಎಂಟು ದಿನದಿಂದ ಹೀಗೆಯೇ.

"ಅದ್ಯಾರಿಗಮ್ಮ?"

"ಯಾವ್ದು?"

"ಆ ಮುದ್ದೆ."

"ನಾಯಿಗೆ ಕಣೋ," ಅಂದಳು ಶ್ಯಾಮಲಮ್ಮ, ಅವನ ಮುಖ ನೋಡದೆ.

ಮನೆಯಲ್ಲಿ ನಾಯಿ ಇರಲಿಲ್ಲ. ಬೀದಿ ನಾಯಿಗೆ ಬಿಸಿ ಸಾರು ಬಡಿಸಿ, ಮೇಲೆ ತಟ್ಟೆ ಮುಚ್ಚಿಡುವ ಮರ್ಯಾದೆ ಸುಗಟೂರಿನಲ್ಲಿ ಯಾವಾಗ ಶುರುವಾಯಿತೋ ಅವನಿಗೆ ಗೊತ್ತಿರಲಿಲ್ಲ. ಕೇಳಿದರೆ ಜಗಳವಾಗುತ್ತದೆ. ಕೇಳಲಿಲ್ಲ.

ನಡುಮನೆಯಲ್ಲಿ ಟಿವಿ ಕಿರುಚುತ್ತಿತ್ತು. ಗಡಿಯಲ್ಲಿ ಯುದ್ಧ ಶುರುವಾದಾಗಿನಿಂದ ಅದನ್ನು ಯಾರೂ ಆರಿಸಿರಲಿಲ್ಲ. ಒಂದೇ ಕಟ್ಟಡ ಬೆಳಗಿನಿಂದ ಹತ್ತು ಸಲ ಉರುಳಿತ್ತು, ಕೋಟು ತೊಟ್ಟವರು ಹತ್ತು ಸಲವೂ ಆಗ ತಾನೇ ಉರುಳಿದ ಹಾಗೆ ಕೂಗುತ್ತಿದ್ದರು. ಅಪ್ಪ ಮತ್ತು ರಂಜಿತ ಏನೋ ಪಿಸುಗುಟ್ಟುತ್ತಿದ್ದವರು ಅವನು ಒಳಗೆ ಬಂದೊಡನೆ ಸುಮ್ಮನಾದರು. ಅಪ್ಪ ರಿಮೋಟು ಎತ್ತಿ ದನಿ ಜಾಸ್ತಿ ಮಾಡಿದರು. ರಂಜಿತ ಸೊಪ್ಪಿನ ಕುಕ್ಕೆ ತಲೆಯ ಮೇಲಿಟ್ಟುಕೊಂಡು ಹಿತ್ತಿಲ ಹುಳುಮನೆಗೆ ಹೊರಟಳು.

ರೇಷ್ಮೆ ಹುಳುಗಳು ನಾಲ್ಕನೆಯ ಜ್ವರದಿಂದ, ಎಂದರೆ ಕೊನೆಯ ಸಲ ಪೊರೆ ಕಳಚಿ, ಎದ್ದು, ಹಗಲು ರಾತ್ರಿಯೆನ್ನದೆ ಸೊಪ್ಪು ಮೇಯುವ ದಿನಗಳು. ಈಗ ಹೊರಗಿನವರು ಹುಳುಮನೆಗೆ ಕಾಲಿಡಬಾರದು. ಸೋಂಕು ತಗುಲಿದರೆ ಇಡೀ ಬೆಳೆ ಕೈಬಿಟ್ಟ ಹಾಗೆ. ಹತ್ತಿರದ ನೆಂಟರು ಬಂದರೂ ಬಾಗಿಲಲ್ಲೇ ತಡೆಯುತ್ತಾರೆ, ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹೊಸದೆಂದರೆ, ಈ ಸಲ ಹೊರಗಿನವರ ಪಟ್ಟಿಯಲ್ಲಿ ಅವನೂ ಇದ್ದ. "ನೀವು ದಿನಾ ಕೋಲಾರದ ಬಸ್ಸಲ್ಲಿ ಓಡಾಡೋರು. ಯಾರ್ಯಾರ ಮೈ ತಗುಲಿರುತ್ತೋ. ಈ ಬೆಳೆ ಮುಗಿಯೋವರ್ಗೂ ಒಳಗೆ ಬರ್ಬೇಡಿ," ಎಂದು ಎಂಟು ದಿನದ ಹಿಂದೆ ರಂಜಿತ ಹೇಳಿದ್ದಳು. ಹೋದ ಬೆಳೆಗೆ ಅವನು ಅದೇ ಬಸ್ಸಿನಿಂದಿಳಿದು ಬಂದು ದಿನಾ ಸೊಪ್ಪು ಹಾಕಿದ್ದ.

ಎಂಟು ದಿನ. ಒಂದು ಮುದ್ದೆ. ಮುಚ್ಚಿದ ಬಾಗಿಲು. ಕೋಲಾರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವನು ಲೆಕ್ಕ ಕೂಡಿಸಿದ. ಒಳಗಿರುವುದು ಗಂಡಸು. ಹೆಂಗಸಿನ ಗುಟ್ಟನ್ನು ಇಷ್ಟು ಜನ ಸೇರಿ ಕಾಯಬೇಕಾಗಿರಲಿಲ್ಲ. ಆದರೆ ಸೊಸೆಯ ಗೆಣೆಕಾರನಿಗೆ ಯಾವ ಅತ್ತೆ ಮುದ್ದೆ ಕಟ್ಟಿಕೊಡುತ್ತಾಳೆ? ತರ್ಕ ಅಲ್ಲಿಗೆ ಮುರಿಯುತ್ತಿತ್ತು. ಅನುಮಾನ ಮಾತ್ರ ಮುರಿಯದೆ ಬಸ್ಸಿಳಿದು ಅವನ ಜತೆಗೇ ಕಾಲೇಜಿಗೆ ಬಂತು.

ಅವನು ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಅಧ್ಯಾಪಕ. ಹದಿನಾಲ್ಕು ವರ್ಷದಿಂದ ಸಂವಿಧಾನ ಹೇಳಿಕೊಟ್ಟರೂ ಸಿಗದಿದ್ದ ಗೌರವ ಈ ಎಂಟು ದಿನಗಳಲ್ಲಿ ಸಿಕ್ಕಿತ್ತು. ಕಾರಣ ರಂಜಿತಳ ತಮ್ಮ ಕದಿರೇಶ್. ಸೈನ್ಯದಲ್ಲಿದ್ದ ಅವನು ರಜೆಗೆಂದು ಮಾಲೂರಿನ ತಾಯಿಯ ಮನೆಗೆ ಬಂದಿದ್ದಾಗ, ರಜೆ ರದ್ದಾಗಿದೆ, ಕೂಡಲೇ ಹೊರಡು ಎಂದು ಕರೆ ಬಂದಿತ್ತು. ಮಾಲೂರು ಸ್ಟೇಷನ್ನಿಗೆ ಹೋಗಿ ಬೀಳ್ಕೊಟ್ಟವನು ಅನಿಲ್‌ಕುಮಾರನೇ. ಮರುದಿನದಿಂದ ಸ್ಟಾಫ್ ರೂಮಿನಲ್ಲಿ ಅವನ ಹೆಸರು 'ಯೋಧನ ಭಾವ'. ರೈಲು ಹೊರಟಾಗ ಕದಿರೇಶ್ ಬಾಗಿಲಲ್ಲಿ ನಿಂತು ಸೆಲ್ಯೂಟ್ ಹೊಡೆದದ್ದನ್ನು ಅವನು ನಾಲ್ಕು ಸಲ ಹೇಳಿದ್ದ. ನಿಜವಾಗಿ ರೈಲು ತಡವಾಗಿತ್ತು; ಮೊದಲ ಕ್ಲಾಸಿಗೆ ಹೊತ್ತಾಯಿತೆಂದು ಅವನು ಅದು ಬರುವ ಮೊದಲೇ ಬೈಕು ತಿರುಗಿಸಿದ್ದ.

"ಫೋನ್ ಬಂತಾ ಸಾರ್ ನಿಮ್ಮ ಬಾಮೈದಂದು?" ಪ್ರಿನ್ಸಿಪಾಲರು ಕೇಳಿದರು.

"ಅಲ್ಲೆಲ್ಲಾ ನೆಟ್‌ವರ್ಕ್ ಇರಲ್ಲ ಸಾರ್."

"ಪಾಪ. ಶನಿವಾರ ಅವ್ರ ತಾಯೀನ ಕರೆಸೋಣ. ಶಾಲು, ಹಾರ, ಒಂದು ಫ್ಲೆಕ್ಸು. ಹುಡುಗನ ಫೋಟೋ ಇದ್ಯಾ?"

ಇತ್ತು. ಸಮವಸ್ತ್ರದ್ದು. ಅಲ್ಲೇ ನಿಂತು ಕಳಿಸಿದ. ಕಳಿಸುವಾಗ ತನ್ನ ಎದೆ ಒಂದು ಅಂಗುಲ ಉಬ್ಬಿದ್ದು ಅವನಿಗೇ ತಿಳಿಯಿತು. ನಾಚಿಕೆಯೂ ಆಯಿತು, ಆದರೆ ಉಬ್ಬಿದ ಎದೆಯನ್ನು ಇಳಿಸುವುದು ಹೇಗೆಂದು ಗೊತ್ತಾಗಲಿಲ್ಲ.

ನಾಲ್ಕು ಗಂಟೆಗೆ ಮನೆಗೆ ಬಂದಾಗ ನಡುಮನೆಯಲ್ಲಿ ಮೂವರೂ ಟಿವಿಯ ಮುಂದೆ ಕೂತಿದ್ದರು. ಇವತ್ತು ಮನೆಯವರಿಗೆ ಸಂತೋಷವಾಗುವ ಸುದ್ದಿ ತಂದಿದ್ದೇನೆ ಎಂಬ ಧೈರ್ಯದಲ್ಲಿ ಅವನು ಶನಿವಾರದ ಸಮಾರಂಭದ ವಿಷಯ ಹೇಳಿದ. ರಂಜಿತಳ ತಾಯಿ ಅಂಜಮ್ಮನವರಿಗೆ ಶಾಲು. ಕದಿರೇಶನ ಫ್ಲೆಕ್ಸು.

ಶ್ಯಾಮಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅದೆಲ್ಲಾ ಬೇಡ ಅನ್ನು," ಅಂದರು ಕೋದಂಡರಾಮಪ್ಪ.

"ಯಾಕಪ್ಪ?"

"ಊರ್ಕೋರಾ," ಸುಮ್ಮನಿರೋ ಎಂದು ಅಪ್ಪ ತೆಲುಗಿನಲ್ಲಿ ಗದರಿದರು. ಹೆದರಿದಾಗಲೇ ಅವರ ಬಾಯಿಂದ ತೆಲುಗು ಬರುವುದು.

"ನನ್ನ ಒಂದು ಮಾತು ಕೇಳ್ದೆ ಅವ್ನ ಫೋಟೋ ಯಾಕೆ ಕೊಟ್ರಿ?" ರಂಜಿತಳ ಮುಖದಲ್ಲಿ ರಕ್ತವೇ ಇರಲಿಲ್ಲ. ಉತ್ತರಕ್ಕೆ ಕಾಯದೆ ಹಿತ್ತಿಲಿಗೆ ಓಡಿದಳು.

ಅನಿಲ್‌ಕುಮಾರ್ ಹಿಂದೆಯೇ ಹೋದ. "ಹೋಗ್ಬೇಡ್ವೋ, ಹುಳು ಸಾಯ್ತವೆ ಕಣೋ," ಎಂದು ಅಮ್ಮ ಕೂಗಿದಳು. ಹಿತ್ತಿಲು ನೀರು ಚೆಲ್ಲಿ ಕೆಸರಾಗಿತ್ತು. ಬರಿಗಾಲಲ್ಲೇ ದಾಟಿ ಅವನು ಹುಳುಮನೆಯ ಬಾಗಿಲು ತಳ್ಳಿದ.

ಒಳಗೆ ಸಾವಿರಾರು ಬಾಯಿಗಳು ಸೊಪ್ಪು ಜಗಿಯುವ ಸದ್ದು. ಕಣ್ಣು ಹೊಂದಿಕೊಳ್ಳಲು ಒಂದು ಗಳಿಗೆ ಬೇಕಾಯಿತು. ಎರಡು ಸಾಲು ತಟ್ಟೆಗಳ ನಡುವೆ, ಅವನದೇ ಹಳೆಯ ಲುಂಗಿ ಉಟ್ಟುಕೊಂಡು, ಕದಿರೇಶ್ ನಿಂತಿದ್ದ. ಅವನ ಕೈಯಲ್ಲಿ ಒಂದು ಹಿಡಿ ಸೊಪ್ಪಿತ್ತು.

"ಬಾವ," ಅಂದ ಕದಿರೇಶ್.

"ನೀನು ರೈಲು ಹತ್ತಲಿಲ್ವಾ?"

"ಹತ್ತಲಿಲ್ಲ."

"ಯಾಕೆ?"

"ಭಯ ಆಯ್ತು." ಅವನು ಸೊಪ್ಪನ್ನು ತಟ್ಟೆಯ ಮೇಲೆ ಹರವಿದ. ಒಂದು ಹುಳುವೂ ಮುಚ್ಚಿಹೋಗದಂತೆ ತೆಳುವಾಗಿ ಹರವಿದ. "ರೈಲು ಬಂತು. ನಿಂತ್ಕೊಂತು. ಹೋಯ್ತು. ನಾನು ಬೆಂಚ್ ಮೇಲೇ ಇದ್ದೆ. ನೀವು ಇನ್ನೊಂದ್ ಅರ್ಧ ಗಂಟೆ ಇದ್ದಿದ್ರೆ ನಾಚ್ಕೊಂಡಾದ್ರೂ ಹತ್ತಿಬಿಡ್ತಿದ್ದೆ ಬಾವ."

ಹೆಂಡತಿಯ ಮೇಲಿನ ಅನುಮಾನ ಸುಳ್ಳಾದದ್ದಕ್ಕೆ ಅನಿಲ್‌ಕುಮಾರನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಗೆಣೆಕಾರನಾಗಿದ್ದರೆ ಮೋಸ ಮಾಡಿದವಳು ಒಬ್ಬಳೇ. ಇಲ್ಲಿ ಮನೆಗೆ ಮನೆಯೇ ಸೇರಿತ್ತು. ಅವನಿಗೆ ಅಳು ಬಂದಂತಾಯಿತು, ಸಿಟ್ಟು ಎಂದುಕೊಂಡು ನುಂಗಿದ.

"ನಂಗೆ ಯಾಕೆ ಹೇಳ್ಲಿಲ್ಲ?"

ರಂಜಿತ ತಮ್ಮನಿಗೆ ಅಡ್ಡವಾಗಿ ನಿಂತಿದ್ದಳು. ಉತ್ತರ ಬಂದದ್ದು ಬೆನ್ನ ಹಿಂದೆ, ಬಾಗಿಲಲ್ಲಿ ನಿಂತಿದ್ದ ಅಪ್ಪನಿಂದ. "ನಾನೇ ಬೇಡ ಅಂದೆ. ನಿಂಗೆ ಹೇಳಿದ್ರೆ ಅರ್ಜಿ ಬರೀತೀಯ."

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಡಿಗ್ರಿ ಓದುತ್ತಿದ್ದ ಅನಿಲ್‌ಕುಮಾರ್, ಊರಿನ ಡೇರಿಗೆ ನೀರು ಬೆರೆಸಿದ ಹಾಲು ಬರುತ್ತಿದೆಯೆಂದು ಮೇಲಿನವರಿಗೆ ಅರ್ಜಿ ಹಾಕಿದ್ದ. ಪರೀಕ್ಷೆ ಮಾಡಿದಾಗ ಮೊದಲು ಸಿಕ್ಕಿಬಿದ್ದದ್ದು ಅವನಪ್ಪನ ಕ್ಯಾನು. ಅದು ಅವನಿಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದೇ ಬರೆದಿದ್ದ. ಕೋದಂಡರಾಮಪ್ಪ ಒಂದು ವರ್ಷ ಡೇರಿಯ ಮುಂದೆ ತಲೆ ತಗ್ಗಿಸಿ ನಡೆದರು. ಮಗನಿಗೆ ಒಂದು ಏಟು ಹೊಡೆಯಲಿಲ್ಲ. 'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂದು ಒಮ್ಮೆ ಅಂದವರು ಆಮೇಲೆ ಆ ಮಾತನ್ನೇ ಎತ್ತಿರಲಿಲ್ಲ. ಮರೆತಿದ್ದಾರೆಂದು ಅವನು ತಿಳಿದಿದ್ದ.

ಜೇಬಿನಲ್ಲಿ ಫೋನು ನಡುಗಿತು. ಪ್ರಿನ್ಸಿಪಾಲರು. ಎಲ್ಲರ ಕಣ್ಣೂ ಅವನ ಕೈಯ ಮೇಲೆ ಬಿತ್ತು. ಎತ್ತಬಾರದಿತ್ತು. ಎತ್ತಿದ.

"ಫ್ಲೆಕ್ಸ್ ಪ್ರಿಂಟಿಗೆ ಹೋಗ್ತಿದೆ ಸಾರ್," ಅಂದರು ಪ್ರಿನ್ಸಿಪಾಲರು. ಹುಳುಗಳ ಸದ್ದಿನ ಮೇಲೂ ಅವರ ದನಿ ಎಲ್ಲರಿಗೂ ಕೇಳುತ್ತಿತ್ತು. "ಸಮಾಚಾರ ಏನಾದ್ರೂ ಬಂತಾ? ಎಲ್ಲಿದಾನಂತೆ ಹುಡುಗ?"

ನಾಲ್ಕು ಮಾರು ದೂರದಲ್ಲಿ ಹುಡುಗ ನಿಂತಿದ್ದ. ಸಂವಿಧಾನ, ಕರ್ತವ್ಯ, ಪ್ರಭುತ್ವ ಎಂದು ಹದಿನಾಲ್ಕು ವರ್ಷ ಬೋರ್ಡಿನ ಮೇಲೆ ಬರೆದ ಶಬ್ದಗಳಲ್ಲಿ ಒಂದೂ ಅನಿಲ್‌ಕುಮಾರನ ನೆರವಿಗೆ ಬರಲಿಲ್ಲ.

"ಈಗಷ್ಟೇ ಫೋನ್ ಮಾಡಿದ್ದ ಸಾರ್," ಅಂದ. "ಗಡೀಲೇ ಇದಾನಂತೆ. ರಾತ್ರಿಯೆಲ್ಲಾ ಶೆಲ್ಲಿಂಗ್ ಅಂತೆ. ಅಮ್ಮಂಗೆ ಹೇಳ್ಬೇಡಿ, ಗಾಬರಿ ಆಗ್ತಾಳೆ ಅಂದ. ಹಿಂದೆ ಯಾರೋ ಜೈಕಾರ ಹಾಕೋದೂ ಕೇಳಿಸ್ತು ಸಾರ್."

ಜೈಕಾರ ಬೇಕಾಗಿರಲಿಲ್ಲ. ತಾನಾಗಿ ಬಂದುಬಿಟ್ಟಿತು.

ಫೋನು ಜೇಬಿಗಿಳಿಸಿ ಅವನು ರಂಜಿತಳನ್ನು ನೋಡಿದ. ಜೀವಮಾನದಲ್ಲಿ ಮೊದಲ ಸಲ ಅವನು ಮನೆಯ ಪರವಾಗಿ ನಿಂತಿದ್ದ. ಒಂದು ಮಾತು, ಒಂದು ನಿಟ್ಟುಸಿರು, ಕಣ್ಣಲ್ಲಿ ಒಂದಿಷ್ಟು ನೀರು, ಏನಾದರೂ ಬರುತ್ತದೆಂದು ಕಾದ. ರಂಜಿತ ಅವನನ್ನು ದಿಟ್ಟಿಸುತ್ತಲೇ ಇದ್ದಳು.

"ಎಷ್ಟು ಸಲೀಸಾಗಿ ಸುಳ್ಳು ಹೇಳ್ತೀರಿ ರೀ," ಅಂದಳು.

"ನಿಮಗೋಸ್ಕರ..."

"ಹೌದೌದು. ನಾಳೆ ಅವ್ರಿಗೋಸ್ಕರ ನಮ್ ಹತ್ರ ಹಿಂಗೇ ಹೇಳ್ತೀರಿ."

ಅಪ್ಪ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು. ಹೋಗೆಂದು ಹೇಳಲಿಲ್ಲ, ದಾರಿ ಬಿಟ್ಟರು ಅಷ್ಟೇ. ನಿಜ ಹೇಳಿದ್ದಕ್ಕೆ ಇಪ್ಪತ್ತೆರಡು ವರ್ಷ ನಂಬದವರು ಸುಳ್ಳಿನ ಮೇಲೆ ಹೇಗೆ ನಂಬುತ್ತಾರೆ? ಕದಿರೇಶ್ ತಲೆ ಎತ್ತದೆ ಮುಂದಿನ ತಟ್ಟೆಗೆ ಸೊಪ್ಪು ಹರವತೊಡಗಿದ.

ಅನಿಲ್‌ಕುಮಾರ್ ಬಂದ ದಾರಿಯಲ್ಲೇ ವಾಪಸು ನಡೆದು ನಡುಮನೆಯ ಕುರ್ಚಿಯಲ್ಲಿ ಕೂತ. ಟಿವಿಯಲ್ಲಿ ಒಬ್ಬಾತ ಮನೆಯೊಳಗಿನ ಶತ್ರುಗಳ ಬಗ್ಗೆ ಎಚ್ಚರಿಕೆ ಕೊಡುತ್ತಿದ್ದ. ಕದಿರೇಶ್ ಎಷ್ಟು ದಿನ ಇರುತ್ತಾನೆ? ಶನಿವಾರ ಅಂಜಮ್ಮ ಶಾಲು ಹೊದೆಯುತ್ತಾಳೆಯೇ? ಯಾರನ್ನು ಕೇಳುವುದು?

ಹಿತ್ತಿಲ ಬಾಗಿಲಲ್ಲಿ ಏನೋ ಅಲುಗಿತು. ರಂಜಿತ, ಸೋಂಕು ತಡೆಯಲು ಹುಳುಮನೆಯಲ್ಲಿ ಎರಚುವ ಸುಣ್ಣದ ಪುಡಿಯ ಮಂಕರಿ ಕಂಕುಳಲ್ಲಿಟ್ಟುಕೊಂಡು ಬಗ್ಗಿ ಬಗ್ಗಿ ಬರುತ್ತಿದ್ದಳು. ಹುಳುಮನೆಯಿಂದ ಅವನು ತಂದ ಕೆಸರು ಹೆಜ್ಜೆಗಳ ಮೇಲೆ ಒಂದೊಂದಾಗಿ ಸುಣ್ಣ ಉದುರಿಸುತ್ತಿದ್ದಳು. ಒಂದನ್ನೂ ಬಿಡಲಿಲ್ಲ. ಹಿತ್ತಿಲು ಮುಗಿಯಿತು, ಮೆಟ್ಟಿಲು ಮುಗಿಯಿತು, ಅಡುಗೆಮನೆ ಮುಗಿಯಿತು. ಬಿಳಿಯ ಹೆಜ್ಜೆಗಳು ಹೊಸಿಲು ದಾಟಿ ನಡುಮನೆಗೆ ಬಂದವು, ಅವನ ಕುರ್ಚಿಯ ಹತ್ತಿರ ಬಂದವು. ಶ್ಯಾಮಲಮ್ಮ ಟಿವಿಯ ಕಡೆ ಮುಖ ತಿರುಗಿಸಿಕೊಂಡಳು.

ರಂಜಿತ ಅವನ ಪಾದಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಕಾಲೆತ್ತಿ."

ಎತ್ತಿದ. ಅವಳು ಅವೆರಡು ಗುರುತುಗಳಿಗೂ ಸುಣ್ಣ ಹಾಕಿ, ಅಂಗೈಯಿಂದ ಒತ್ತಿ, ಎದ್ದು ಹೋದಳು. ಎಲ್ಲಿ ಊರಬೇಕೆಂದು ತಿಳಿಯದೆ ಅನಿಲ್‌ಕುಮಾರ್ ಎರಡೂ ಕಾಲುಗಳನ್ನು ನೆಲದಿಂದ ಮೇಲೆ ಹಿಡಿದುಕೊಂಡು ಕೂತಿದ್ದ. ತೊಡೆಗಳು ನಡುಗತೊಡಗಿದ್ದವು.