ಸೇತುವೆಯ ಮೇಲೆ ಡಿ.ಎಚ್.

ರೈಲು ನೋಡುವ ಹವ್ಯಾಸಿಗಳ ಗುಂಪಿಗೆ ನನ್ನನ್ನು ಕರೆತಂದವರು ಅಕ್ಕನ ಗಂಡ, ಗಡಿಯಾರ ರಿಪೇರಿ ಮಾಡುವ ನನ್ನ ಭಾವ. "ಗೊತ್ತಿಲ್ಲದ್ದನ್ನೆಲ್ಲ ಕೇಳಿ ನನ್ನ ಮಾನ ಕಳೀಬೇಡ. ಕೇಳಿದ್ರೆ ಇನ್ನೊಂದ್ಸಲ ಕರ್ಕೊಂಡು ಬರಲ್ಲ" ಎಂದು ದಾರಿಯಲ್ಲೇ ಎಚ್ಚರಿಸಿದ್ದರು. ನನಗೋ ಮತ್ತೆ ಮತ್ತೆ ಬರುವ ಆಸೆ.

ಸೇತುವೆಯ ಮೇಲೆ ನಿಂತಿದ್ದಾಗ ಯಾರೋ "ಡಿ.ಎಚ್. ಬಂತು!" ಎಂದು ಕೂಗಿದರು. ಎಲ್ಲರ ಕ್ಯಾಮೆರಾಗಳೂ ಮೇಲೆದ್ದವು. ತಡೆಯಲಾರದೆ ಪಕ್ಕದಲ್ಲಿದ್ದ ಹಲ್ಲಿನ ಡಾಕ್ಟರನ್ನು ಮೆಲ್ಲಗೆ ಕೇಳಿಯೇಬಿಟ್ಟೆ.

"ಡಬಲ್ ಹೆಡ್ ಕಣಮ್ಮ. ಎರಡು ಎಂಜಿನ್ ಸೇರಿ ಒಂದೇ ರೈಲನ್ನು ಎಳೆಯೋದು."

"ಬರೀ ನಾಲ್ಕು ಬೋಗಿಗೆ ಎರಡು ಎಂಜಿನ್ ಯಾಕೆ, ಡಾಕ್ಟ್ರೇ?"

ಭಾವ ಕಣ್ಣಲ್ಲೇ ನನ್ನನ್ನು ಸುಟ್ಟರು. ಡಾಕ್ಟರು ಮಾತ್ರ ಕ್ಯಾಮೆರಾ ಇಳಿಸಿ ಬಗ್ಗಿ ನೋಡಿದರು. ಎರಡನೆಯ ಎಂಜಿನ್ನಿನಿಂದ ಸದ್ದೂ ಇರಲಿಲ್ಲ, ಹೊಗೆಯೂ ಇರಲಿಲ್ಲ.

"ಅಯ್ಯೋ, ಇದು ಡಿ.ಎಚ್. ಅಲ್ರಪ್ಪಾ! ಎರಡನೇದು ಕೆಟ್ಟಿದೆ, ರಿಪೇರಿಗೆ ಎಳ್ಕೊಂಡು ಹೋಗ್ತಿದ್ದಾರೆ. ಡಿ.ಐ.ಟಿ. ಇದು!"

ಎಲ್ಲರೂ ಹೋ ಎಂದು ನಕ್ಕರು. ನಾನು ಹೆದರುತ್ತಲೇ ಭಾವನ ಮುಖ ನೋಡಿದೆ. ಅವರು ನನ್ನ ಕಿವಿಯ ಬಳಿ ಬಗ್ಗಿ, "ಡಿ.ಐ.ಟಿ. ಅಂದ್ರೆ ಏನಂತೆ? ಸ್ವಲ್ಪ ನೀನೇ ಕೇಳು" ಎಂದರು.